ಸಹಪಾಠಿ ಯಾವ ವರಸೆ?

ಪದವಿ ತರಗತಿಗಳ ವಿದ್ಯಾರ್ಥಿಗಳು ಪ್ರೇಮ, ದೇಹಸಂಬಂಧ ಮತ್ತು ಒಡನಾಟದ ಬಗ್ಗೆ ತಳೆದಿರುವ ಮನೋಭಾವವನ್ನು ಕುರಿತು ಚಿತ್ರದುರ್ಗದಲ್ಲಿ ವಿಚಾರ ಸಂಕಿರಣವೊಂದು ಏರ್ಪಟ್ಟಿರುವುದು ಸಂತೋಷದ ಸಂಗತಿಯಾಗಿದ್ದು, ಆಹ್ವಾನ ಪತ್ರಿಕೆಯಲ್ಲಿ ‘ಲೈಂಗಿಕತೆ’ ಎಂಬ ಪದವನ್ನು ‘ಯುವಜನರ ಮೌಲ್ಯಗಳು’ ಎಂದು ಮೆತ್ತಗೆ ಮಾಡದೆ ಹಾಗೆಯೇ ಅಚ್ಚು ಹಾಕಿಸಿದ ಸಂಘಟಕರು ಮೊದಲ ವಂದನೆಗೆ ಅರ್ಹರಾಗಿದ್ದಾರೆ. ವೇದಿಕೆಯ ಮೇಲಿನ ಹಿರಿಯರಿಗೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬೆಳಗಿನ ಬಸ್ಸು ಹಿಡಿದು ಬಂದ ಅಧ್ಯಾಪಕರಿಗೆ, ಹುಡುಗರು ಒಂದು ಕಡೆ ಹುಡುಗಿಯರು ಒಂದು ಕಡೆ ಎಂದು ಯಾರೂ ಹೇಳದಿದ್ದರೂ ತಾವಾಗಿಯೇ ಹಂಚಿಕೊಂಡು ಕುಳಿತಿರುವ ವಿದ್ಯಾರ್ಥಿಗಳಿಗೆ ಉಳಿದ ವಂದನೆಗಳು ಸಲ್ಲುತ್ತವೆ. ಆ ಹಂಚಿಕೆಯೇ ಈ ಭಾಷಣದ ವಿಷಯ ಎಂದರೂ ತಪ್ಪಿಲ್ಲ.

ಈ ಕ್ಷೇತ್ರದ ಅಧ್ಯಯನಗಳನ್ನು ಒಂದೊಂದಾಗಿ ಪರಾಮರ್ಶಿಸುವುದು ಇಲ್ಲಿ ಅನಗತ್ಯ, ಏಕೆಂದರೆ ಅವುಗಳನ್ನು ಓದಿ ಪಾಠ ಮಾಡುವವರು ಮುಂದಿನ ಸಾಲಿನಲ್ಲಿಯೇ ಇದ್ದಾರೆ. ಮುಂಬಯಿಯ ಕೆಳವರ್ಗದ ಕುಟುಂಬಗಳಿಂದ ಬಂದ ಕಾಲೇಜು ವಿದ್ಯಾರ್ಥಿಗಳ ಒಡನಾಟವನ್ನು ‘ಭಾಯಿ–ಬೆಹೆನ್’, ‘ಟ್ರೂ ಲವ್’, ‘ಟೈಮ್ ಪಾಸ್’ ಎಂದು ಅವರವೇ ಮಾತುಗಳಲ್ಲಿ ವಿಂಗಡಿಸಿ ಲೀನಾ ಅಬ್ರಹಾಂ 2002ರಲ್ಲಿ ಪ್ರಕಟಿಸಿದ ಲೇಖನವನ್ನು ಮಾತ್ರ ಹೆಸರಿಸಿ ಮುಂದುವರಿಯಬಹುದು. ಐವತ್ತು ಸಾವಿರಕ್ಕೂ ಹೆಚ್ಚು ಯುವಜನರನ್ನು ಸಂದರ್ಶಿಸಿದ 2006–07ರ ‘ಯೂತ್ ಇನ್ ಇಂಡಿಯಾ’ ಸಮೀಕ್ಷೆ ಆರು ರಾಜ್ಯಗಳನ್ನು ಆರಿಸಿಕೊಂಡಿತ್ತು. ಅವುಗಳಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶ, ತಮಿಳುನಾಡುಗಳಿದ್ದವು, ಕರ್ನಾಟಕ ಇರಲಿಲ್ಲ. ಮೊಳಕಾಲ್ಮೂರಿನ ಗಡಿಯ ಆಚೆಗಿನ ರಾಜ್ಯಕ್ಕೆ ಹೋದ ಪ್ರಶ್ನಾವಳಿ ಗಡಿಯ ಈಚೆಗೆ ಬರಲಿಲ್ಲ. ಆ ಸಮೀಕ್ಷೆಯ ಕಾಲದಲ್ಲಿಯೇ, 2007ರಲ್ಲಿ, ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಗಳಲ್ಲಿ ತಡೆಹಿಡಿದ ರಾಜ್ಯಗಳ ಸಾಲಿನಲ್ಲಿ ಮಾತ್ರ ಕರ್ನಾಟಕ ತಪ್ಪದೆ ಕಾಣಿಸಿಕೊಂಡಿತು.

ಆದರೆ ಕ್ಷೇತ್ರ ದಾರಿ ತಪ್ಪಿದ್ದು ಸಮೀಕ್ಷೆ ಬಾರದಿದ್ದುದರಿಂದಲ್ಲ, ಬಂದ ಅಳತೆಗೋಲಿನಿಂದ ಎಂಬುದು ಈ ಭಾಷಣಕಾರರು ಬಹುಕಾಲದಿಂದ ಹಿಡಿದು ಬಂದಿರುವ, ಸಹೋದ್ಯೋಗಿಗಳು ಕೇಳಿ ಕೇಳಿ ಬೇಸತ್ತಿರುವ ವಾದ. ಅಮೆರಿಕದ ಸಮಾಜಶಾಸ್ತ್ರಜ್ಞ ಇರಾ ರೀಸ್ 1960ರ ದಶಕದಲ್ಲಿ ರೂಪಿಸಿದ ಮಾಪನದಲ್ಲಿ ಹನ್ನೆರಡು ಹೇಳಿಕೆಗಳಿದ್ದು, ಚುಂಬನ, ಮೈಮುಟ್ಟುವ ಸರಸ, ಪೂರ್ಣ ದೇಹಸಂಬಂಧ ಎಂಬ ಮೂರು ಹಂತಗಳನ್ನು ನಿಶ್ಚಿತಾರ್ಥವಾದವರು, ಪ್ರೀತಿಸುವವರು, ಗಾಢ ಒಲವುಳ್ಳವರು, ಯಾವ ಒಲವೂ ಇಲ್ಲದವರು ಎಂಬ ನಾಲ್ಕು ಸ್ಥಿತಿಗಳಿಗೆ ಜೋಡಿಸಿ, ಪ್ರತಿಯೊಂದಕ್ಕೂ ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’ ಎಂಬ ಉತ್ತರವನ್ನು ಅದು ಬೇಡುತ್ತದೆ. ಮನೋಭಾವವೆಂಬುದು ಒಬ್ಬ ವ್ಯಕ್ತಿ ತನ್ನೊಳಗೆ ಒಂಟಿಯಾಗಿ ಇಟ್ಟುಕೊಂಡಿರುವ ಅಭಿಪ್ರಾಯ ಎಂಬುದು ಇದರ ಹಿಂದಿನ ನಂಬಿಕೆ. ಅಲ್ಲಿನ ವಿದ್ಯಾರ್ಥಿಗೆ ಅದು ಸರಿಹೊಂದಿರಬಹುದು. ಈ ಸೀಮೆಯಲ್ಲಿಯಾದರೋ ನಿಶ್ಚಿತಾರ್ಥ ಇಬ್ಬರ ನಡುವೆ ನಡೆಯುವುದೇ ಇಲ್ಲ, ಎರಡು ಮನೆಗಳ ನಡುವೆ ನಡೆಯುತ್ತದೆ. ತಾಂಬೂಲ ಬದಲಾದ ಮೇಲೆ ಹುಡುಗ ಹುಡುಗಿ ರಾತ್ರಿ ಹನ್ನೊಂದರವರೆಗೆ ಫೋನಿನಲ್ಲಿ ಮಾತಾಡಿದರೂ ಮನೆಯವರು ಕೇಳದಂತಿರುತ್ತಾರೆ, ಅದೇ ಹುಡುಗಿ ಹಿಂದಿನ ವಾರ ಸಹಪಾಠಿಯೊಬ್ಬನ ಕರೆ ಬಂದಾಗ ಹಿತ್ತಿಲಿಗೆ ಹೋಗಿ ನಿಂತಿರುತ್ತಾಳೆ.

ಇಂಥ ಪ್ರಶ್ನಾವಳಿಯೊಂದರ ಕನ್ನಡ ಅನುವಾದವನ್ನು ಜಿಲ್ಲೆಯ ಒಂದು ಕಾಲೇಜಿನಲ್ಲಿ ಪರೀಕ್ಷಿಸುತ್ತಿದ್ದಾಗ ನಡೆದ ಪ್ರಸಂಗವನ್ನು ಇಲ್ಲಿ ಹೇಳುವುದಕ್ಕೆ ಸಭೆಯ ಅನುಮತಿಯನ್ನು ಕೋರಬೇಕಾಗುತ್ತದೆ. ಹೊಳಲ್ಕೆರೆ ಕಡೆಯ ವಿದ್ಯಾರ್ಥಿನಿಯೊಬ್ಬಳು ‘ನೀವು ಯಾರೊಂದಿಗಾದರೂ ಡೇಟಿಂಗ್ ಹೋಗಿದ್ದೀರಾ’ ಎಂಬ ಪ್ರಶ್ನೆಯ ಮುಂದೆ ಪೆನ್ನು ನಿಲ್ಲಿಸಿ, “ಸರ್, ಮಾವನ ಮಗನ ಜತೆ ಪಿಕ್ಚರಿಗೆ ಹೋದರೆ ಡೇಟಿಂಗಾ?” ಎಂದು ಕೇಳಿದಳು. ಪಕ್ಕದಲ್ಲಿದ್ದವಳು “ವರಸೆ ಐತಲ್ಲ, ಅದು ಡೇಟಿಂಗ್ ಹೆಂಗಾಗುತ್ತೆ” ಎಂದಳು. ತರಗತಿ ನಕ್ಕಿತು, ಸಂಶೋಧಕರಿಗೆ ಉತ್ತರ ಹೊಳೆಯಲಿಲ್ಲ.

ವರಸೆ ಎಂದರೆ ನೆಂಟಸ್ತಿಕೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಏನಾಗಬೇಕು ಎಂಬ ಲೆಕ್ಕ. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮಂದಿರ ಮಕ್ಕಳು ಅಣ್ಣ ತಂಗಿಯರಾಗುತ್ತಾರೆ, ಸೋದರಮಾವ ಮತ್ತು ಸೋದರತ್ತೆಯ ಮಕ್ಕಳು ಕೊಟ್ಟು ತರಬಹುದಾದವರಾಗುತ್ತಾರೆ. ತಮ್ಮ ಕುಲದಲ್ಲಿ ಗುರುತು ಸಿಕ್ಕಿದ ಪ್ರತಿ ಹುಡುಗನೂ ಈ ಎರಡು ಗುಂಪುಗಳಲ್ಲಿ ಒಂದಕ್ಕೆ ಸೇರಲೇಬೇಕು. 1942ರಲ್ಲಿ ಪ್ರಕಟವಾದ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬ ಕುರಿತ ತಮ್ಮ ಮೊದಲ ಪುಸ್ತಕದಲ್ಲಿ ಎಂ.ಎನ್. ಶ್ರೀನಿವಾಸ್, 1953ರ ತಮ್ಮ ಗ್ರಂಥದಲ್ಲಿ ಇರಾವತಿ ಕರ್ವೆ ಈ ಏರ್ಪಾಡನ್ನು ವಿವರಿಸಿದ್ದು, ಅದು ಗತಕಾಲದ ಮಾತಲ್ಲವೆಂಬುದಕ್ಕೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಗಳ ಪೈಕಿ ನಾಲ್ಕನೇ ಒಂದಕ್ಕೂ ಹೆಚ್ಚು ಭಾಗ ರಕ್ತಸಂಬಂಧದಲ್ಲಿಯೇ ನಡೆದಿರುವುದು ಸಾಕ್ಷಿ. ಮದುವೆಯ ವಿದ್ವಾಂಸರು ವರಸೆಯನ್ನು ಬಲ್ಲರು, ಪ್ರೇಮದ ವಿದ್ವಾಂಸರು ರೀಸ್‌ರನ್ನು ಬಲ್ಲರು. ಒಬ್ಬರ ಕೊಠಡಿಗೆ ಇನ್ನೊಬ್ಬರು ಹೋಗಲಿಲ್ಲ ಎಂಬುದಷ್ಟೇ ಇಲ್ಲಿಯ ದೂರು. ಬೇರೆ ಜಾತಿಯ, ಬೇರೆ ತಾಲ್ಲೂಕಿನ, ಮೂರು ವರ್ಷ ಒಂದೇ ಕೊಠಡಿಯಲ್ಲಿ ಕೂರುವ ಸಹಪಾಠಿ ಯಾವ ವರಸೆ ಎಂಬ ಪ್ರಶ್ನೆ ಹೀಗೆ ಯಾರದೂ ಆಗದೆ ಉಳಿಯಿತು.

ದುರ್ಗದ ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತುವವರಿಗೆ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ನೆನಪಾಗದಿರದು. ಅದರ ನಾಯಕ ರಾಮಾಚಾರಿಯನ್ನು ಸಿಟ್ಟಿನ ಹುಡುಗನೆಂದೇ ನೋಡುವುದು ರೂಢಿಯಾಗಿದೆಯಾದರೂ, ಅವನ ಸಂಕಟದ ವ್ಯಾಕರಣ ಬೇರೆಯೇ ಇದೆ. ಅವನು ಒಲಿದ ಇಬ್ಬರಲ್ಲಿ ಅಲಮೇಲು ಗೆಳೆಯ ವರದನ ತಂಗಿ. ಗೆಳೆಯ ಅಣ್ಣನಂತಾದರೆ ಅವಳು ತಂಗಿಯಾಗಬೇಕು, ಆಗಲೊಲ್ಲಳು. ಮಾರ್ಗರೆಟ್ ಕ್ರೈಸ್ತಳು, ವರಸೆಯ ಲೆಕ್ಕಕ್ಕೇ ಸಿಗದವಳು. ಮೊದಲನೆಯವಳನ್ನು ಬಿಟ್ಟುಕೊಡುವಂತೆ ಒಪ್ಪಿಸಿದ ಚಾಮಯ್ಯ ಮೇಷ್ಟರು ತಂದೆಯ ಸ್ಥಾನದಲ್ಲಿದ್ದವರು, ಅಂದರೆ ಕಥೆಯಲ್ಲಿ ಎಲ್ಲರಿಗೂ ಒಂದು ಸ್ಥಾನವಿದೆ, ಇಬ್ಬರು ಹುಡುಗಿಯರಿಗೆ ಮಾತ್ರ ಇಲ್ಲ.

ಇಂದಿನ ಕಾಲೇಜಿನ ಆವರಣದ ಮಾತನ್ನು ಕಿವಿಗೊಟ್ಟು ಕೇಳಿದರೆ ಈ ಕೊರತೆ ಇನ್ನೂ ತುಂಬಿಲ್ಲವೆಂಬುದು ತಿಳಿಯುತ್ತದೆ. ಹುಡುಗರು ತಮ್ಮತಮ್ಮಲ್ಲಿ ‘ಮಚ್ಚಾ’, ‘ಮಾಮ’, ‘ಬಾವ’ ಎಂದು ಹೆಣ್ಣು ಕೊಟ್ಟು ತರುವ ನೆಂಟರ ಹೆಸರುಗಳಿಂದಲೇ ಕರೆದುಕೊಳ್ಳುತ್ತಾರೆ, ಆದರೆ ಹುಡುಗಿಗೆ ಹುಡುಗನನ್ನು ಕರೆಯಲು ಅವನ ಹೆಸರು ಬಿಟ್ಟರೆ ‘ಅಣ್ಣ’ ಒಂದೇ ಉಳಿಯುತ್ತದೆ. ‘ಕಾಳು ಹಾಕ್ತಾನೆ’, ‘ಲೈನ್ ಹೊಡಿತಾನೆ’, ‘ಅವಳು ಅವನ ಡವ್ವು’, ‘ಸೆಟ್ ಆಗೈತೆ’, ‘ಬ್ರೇಕಪ್ ಆಯ್ತು’ ಎಂದು ನಡೆಯುವ ಮಾತಿನಲ್ಲಿ ಹಕ್ಕಿ ಹಿಡಿಯುವವನ ಪದಗಳಿವೆ, ಇಂಗ್ಲಿಷಿನ ಪದಗಳಿವೆ, ತಾಯಿಯ ಮುಂದೆ ಹೇಳಬಹುದಾದ ಪದ ಒಂದೂ ಇಲ್ಲ. ಮನೆಗೆ ಸುದ್ದಿ ಮುಟ್ಟುವಾಗ ಅದು ಒಂದೇ ಕ್ರಿಯಾಪದವಾಗಿ ಮುಟ್ಟುತ್ತದೆ: ಓಡಿಹೋದಳು. ಇಬ್ಬರು ಹೋದರೂ ಏಕವಚನ, ಅದೂ ಸ್ತ್ರೀಲಿಂಗ.

ಚಂದ್ರವಳ್ಳಿಯ ಕೆರೆ ಏರಿ, ಕೋಟೆಯ ಒಳಸುತ್ತುಗಳು, ಭಾನುವಾರದ ವಾಣಿವಿಲಾಸ ಸಾಗರ ಇವೆಲ್ಲ ಈ ಹೆಸರಿಲ್ಲದ ಒಡನಾಟದ ಜಾಗಗಳು. 1933ರ ನಂತರ 2022ರಲ್ಲಿ ಆ ಸಾಗರ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋದುದರಿಂದ ಯಾರು ಯಾರ ಜತೆ ಬಂದರೆಂದು ಕೇಳುವವರು ಕಡಿಮೆಯಿದ್ದರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಟಿಕೆಟ್ಟಿನ ಹಣವನ್ನು ಉಳಿಸಿತು, ಆದರೆ ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತನ್ನು ಮುಂದೂಡಲಿಲ್ಲ. ಕೊನೆಯ ತರಗತಿಗೂ ಆ ಬಸ್ಸಿಗೂ ನಡುವಿನ ಒಂದು ಗಂಟೆಯಲ್ಲಿ, ಊರಿನವರು ಯಾರಾದರೂ ನಿಲ್ದಾಣಕ್ಕೆ ಬಂದಿದ್ದಾರೆಯೇ ಎಂದು ಕಣ್ಣಾಡಿಸುತ್ತಲೇ ನಡೆಯುವ ಮಾತುಕತೆಯನ್ನು ಯಾವ ಮಾಪನವೂ ಅಳೆದಿಲ್ಲ. ಈ ಒಡನಾಟವನ್ನು ಮುಟ್ಟುವ ಕಾನೂನಿನ ಮಾತು ಮಧ್ಯಾಹ್ನದ ಗೋಷ್ಠಿಗೆ ಸೇರಿದ್ದು. 2012ರ ಪೋಕ್ಸೊ ಕಾಯ್ದೆ ಸಮ್ಮತಿಯ ವಯಸ್ಸನ್ನು 16ರಿಂದ 18ಕ್ಕೆ ಏರಿಸಿದ್ದನ್ನು ಪುನರ್ವಿಮರ್ಶಿಸುವ ಬಗ್ಗೆ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಕಾನೂನು ಆಯೋಗದ ಗಮನ ಸೆಳೆದುದು ಮತ್ತು ಆಯೋಗ 2023ರಲ್ಲಿ ಆ ವಯಸ್ಸನ್ನು ಇಳಿಸಬೇಕಿಲ್ಲವೆಂದುದು ಅಲ್ಲಿ ಚರ್ಚೆಗೆ ಬರಲಿ.

‘ಅಣ್ಣ’ ಎಂಬ ಕರೆ ಹುಡುಗಿಗೆ ಬೇಲಿಯೋ, ನೆರಳೋ? ಹಾಗೆ ಕರೆದುದರಿಂದಲೇ ಅವನ ಬೈಕಿನ ಹಿಂದೆ ಊರೊಳಗೆ ಬರಲು ಸಾಧ್ಯವಾಯಿತೆನ್ನುವವರಿದ್ದಾರೆ, ಹಾಗೆ ಕರೆದ ಬಾಯಲ್ಲಿ ಬೇರೆ ಮಾತು ಆಡಲಾಗಲಿಲ್ಲವೆನ್ನುವವರೂ ಇದ್ದಾರೆ. ಈ ಭಾಷಣಕಾರರಿಗೆ ಇದು ಇನ್ನೂ ಬಗೆಹರಿದಿಲ್ಲ. ಹೊಳಲ್ಕೆರೆಯ ಆ ವಿದ್ಯಾರ್ಥಿನಿ ಕೊನೆಗೆ ಆ ಪ್ರಶ್ನೆಯನ್ನು ಖಾಲಿ ಬಿಟ್ಟಳು, ಸಂಶೋಧಕರು ನಿಯಮದಂತೆ ಅದಕ್ಕೆ ‘ಉತ್ತರವಿಲ್ಲ’ ಎಂಬ ಅರ್ಥದ 9 ಎಂಬ ಅಂಕಿಯನ್ನು ಹಾಕಿ, ಲೆಕ್ಕ ಹಾಕುವಾಗ ಕೈಬಿಟ್ಟರು. ಮುಂದಿನ ಗೋಷ್ಠಿಯ ಪ್ರಬಂಧಗಳಲ್ಲಿಯೂ ಪ್ರತಿ ಕೋಷ್ಟಕದ ತಳದಲ್ಲಿ ಅಂಥದೊಂದು ಸಾಲು ಇರುತ್ತದೆ. ಮಂಡಿಸುವವರು ಇಂದು ಆ ಸಾಲನ್ನೇ ಮೊದಲು ಓದಬೇಕೆಂಬುದು ಕೋರಿಕೆ.