ಬದುವಿನ ಮರಗಳನ್ನು ಉಳಿಸಿಕೊಳ್ಳೋಣ

(ಧಾರೂರಿನ ಬೆಳೆಗಾರರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



1950ರಲ್ಲಿ ಅಂದಿನ ಕೇಂದ್ರ ಕೃಷಿ ಮಂತ್ರಿಗಳಾದ ಶ್ರೀ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದರು. ಅಂದಿನಿಂದ ಮಳೆಗಾಲ ಬಂದಾಗಲೆಲ್ಲ ಸಸಿ ನೆಡುತ್ತಿದ್ದೇವೆ. ಆದರೆ ಬೆಳೆದು ನಿಂತ ಮರವನ್ನು ಕಾಯುವ ವಿಚಾರ ನಮ್ಮಲ್ಲಿ ಕಡಿಮೆ.

ಇಲ್ಲಿಂದ ಹೈದರಾಬಾದಿಗೆ ಹೋಗುವಾಗ ಚೇವೆಳ್ಳದ ರಸ್ತೆಯ ಆಲದ ಸಾಲುಗಳನ್ನು ತಾವು ಕಂಡಿದ್ದೀರಿ. ರಸ್ತೆ ಅಗಲಗೊಳಿಸುವ ಯೋಜನೆಯಿಂದ ಅಲ್ಲಿನ ಸುಮಾರು 900 ಮರಗಳಿಗೆ ಕುತ್ತು ಬಂದಾಗ ವೃಕ್ಷಪ್ರೇಮಿಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ಹೊಲದ ಬದುವಿನ ಬೇವಿಗೆ ವಕೀಲರಿಲ್ಲ. ಅದನ್ನು ಕಾಯುವವರು ತಾವೇ.

ಬದುವಿನ ಮರದ ಮೇಲೆ ರೈತರ ದೂರುಗಳು ಎರಡು. ನೆರಳಿನಲ್ಲಿ ಕಬ್ಬು ಬಡವಾಗುತ್ತದೆ ಎಂಬುದು ಮೊದಲನೆಯದು. ಇದು ನಿಜ. ಆದರೆ ಅದಕ್ಕೆ ಕೊಡಲಿಯೇ ಮದ್ದಲ್ಲ. ಕೆಳಗಿನ ಕೊಂಬೆಗಳನ್ನು ಸವರಿ, ಮರಕ್ಕೂ ಬೆಳೆಗೂ ನಡುವೆ ಎರಡು ಅಡಿ ಆಳದ ಕಂದಕ ತೆಗೆದರೆ ಬೇರಿನ ಪೈಪೋಟಿ ತಗ್ಗುತ್ತದೆ. ಹೊಸ ಸಸಿಗಳನ್ನು ಬಾವಿಯ ಬಳಿ, ಬಂಡಿದಾರಿಯಲ್ಲಿ, ಹಳ್ಳದ ದಂಡೆಯಲ್ಲಿ ನೆಡಿರಿ. ನೀಲಗಿರಿಯನ್ನು ಬದುವಿಗೆ ತರಬೇಡಿರಿ.

ಬೇವಿಗೆ ಗೊಣ್ಣೆಹುಳುವಿನ ದುಂಬಿ ಬರುತ್ತದೆ ಎಂಬುದು ಎರಡನೆಯದು. ಇದೂ ನಿಜ, ಆದರೆ ಇದು ನಮಗೆ ಅನುಕೂಲವೇ. ಮುಂಗಾರಿನ ಮೊದಲ ಮಳೆಗಳಾದ ಮೇಲೆ ಸಂಜೆಗತ್ತಲಲ್ಲಿ ದುಂಬಿಗಳು ಬೇವು, ಜಾಲಿಗಳ ಮೇಲೆ ಕೂಡುತ್ತವೆ. ಆಗ ಕೊಂಬೆ ಅಲುಗಾಡಿಸಿ, ಬಿದ್ದವನ್ನು ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿರಿ. ಊರಿನವರೆಲ್ಲ ಕೂಡಿ ಮಾಡಿದರೆ ಮೊಟ್ಟೆ ಇಡುವ ಮೊದಲೇ ಪೀಡೆ ತಗ್ಗುತ್ತದೆ. ಮರ ಕಡಿದರೆ ದುಂಬಿ ಹಿಡಿಯುವ ಜಾಗವೇ ಹೋಯಿತು.

ಕೊಡಲಿಗಿಂತ ದೊಡ್ಡ ವೈರಿ ಬೆಂಕಿ. ಕಟಾವಾದ ಮೇಲೆ ರವದಿಗೆ ಹಚ್ಚಿದ ಬೆಂಕಿ ಬದುವಿಗೆ ಹಬ್ಬಿ, ಎಳೆಯ ಗಿಡಗಳನ್ನು ಸುಟ್ಟು, ದೊಡ್ಡ ಮರಗಳ ತೊಗಟೆಯನ್ನು ಬೇಯಿಸುತ್ತದೆ. ಒಂದು ಎಕರೆಯಲ್ಲಿ ಮೂರು-ನಾಲ್ಕು ಟನ್ ರವದಿ ಸಿಗುತ್ತದೆ. ಅದನ್ನು ಸಾಲುಗಳ ನಡುವೆ ಹರಡಿ, ಟನ್ನಿಗೆ 8 ಕಿಲೊ ಯೂರಿಯಾ, 10 ಕಿಲೊ ಸೂಪರ್ ಫಾಸ್ಫೇಟ್, 1 ಕಿಲೊ ಕೊಳೆಸುವ ಜೀವಾಣು ಹಾಕಿ ನೀರು ಹಾಯಿಸಿರಿ. ಕುಳೆ ಬೆಳೆಗೆ ಗೊಬ್ಬರವಾಗುತ್ತದೆ, ತೇವ ಉಳಿಯುತ್ತದೆ, ಕಳೆಯೂ ಕಡಿಮೆಯಾಗುತ್ತದೆ.

ಕಟಾವಿನ ಗ್ಯಾಂಗಿನವರು ಬುತ್ತಿ ಬಿಚ್ಚುವುದು, ಎತ್ತುಗಳು ದಣಿವಾರಿಸಿಕೊಳ್ಳುವುದು ಆ ಮರದ ಕೆಳಗೇ. ಈ ಹಂಗಾಮಿನಲ್ಲಿ ರವದಿಗೆ ಕಡ್ಡಿ ಗೀರುವುದಿಲ್ಲವೆಂದು ತಾವೆಲ್ಲರೂ ಸಂಕಲ್ಪ ಮಾಡಬೇಕೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.