ಹಿಮರಾಣಿಯ ಅರಮನೆಯಲ್ಲಿ ಒಂದು ಪ್ರಾರ್ಥನೆ



ಐರೋಪ್ಯ ಕಿನ್ನರಕಥೆಗಳಲ್ಲಿ ಕ್ರೈಸ್ತಧರ್ಮದ ಅರ್ಥವನ್ನು ಅರಸಹೊರಟವರು, ನೂರು ವರ್ಷ ನಿದ್ರಿಸುವ ರಾಜಕುಮಾರಿಯೇ ಮಾನವಾತ್ಮ, ಅವಳ ಬೆರಳಿಗೆ ಚುಚ್ಚಿದ ಕದಿರೇ ಆದಿಪಾಪ, ಎಚ್ಚರಿಸಬಂದ ರಾಜಕುಮಾರನೇ ಕ್ರಿಸ್ತನೆಂದು ಒಂದೊಂದು ವಸ್ತುವಿಗೂ ಒಂದೊಂದು ಚೀಟಿಯನ್ನಂಟಿಸಿ, ಕಥೆಯನ್ನು ಔಷಧಾಲಯದ ಕಪಾಟಿನಂತೆ ಜೋಡಿಸಿಡುವುದುಂಟು. ಈ ವಿಧಾನ ನನಗೆ ರುಚಿಸದು.

ಪಾತ್ರಗಳ ಬಾಯಲ್ಲಿ ಭಕ್ತಿಯ ಮಾತು ಬಂದ ಮಾತ್ರಕ್ಕೆ ಕಥೆ ಕ್ರೈಸ್ತವಾಗುವುದೂ ಇಲ್ಲ. ಗ್ರಿಮ್ ಸೋದರರ ಸಿಂಡರೆಲಾ ಕಥೆಯಲ್ಲಿ, ಮರಣಶಯ್ಯೆಯ ತಾಯಿ ಮಗಳಿಗೆ ದೈವಭಕ್ತಳಾಗಿರೆಂದು ಬುದ್ಧಿ ಹೇಳುತ್ತಾಳೆ, ನಿಜ; ಆದರೆ 1812ರ ಮೊದಲ ಮುದ್ರಣದಲ್ಲಿಲ್ಲದೆ 1819ರಲ್ಲಿ ಬಂದು ಸೇರಿದ ಮುಕ್ತಾಯದಲ್ಲಿ, ಮದುವೆಯ ದಿನವೇ ಪಾರಿವಾಳಗಳು ಮಲಸೋದರಿಯರ ಕಣ್ಣುಗಳನ್ನು ಕುಕ್ಕಿ ಕುರುಡಾಗಿಸುತ್ತವೆ. ಕ್ಷಮೆಯನ್ನೇ ತಿರುಳಾಗುಳ್ಳ ಧರ್ಮಕ್ಕೆ ಇದು ಸಲ್ಲುವ ಮುಕ್ತಾಯವೆ?

ಇದಕ್ಕಿಂತ ಆಳವಾದುದು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1844ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ಹಿಮರಾಣಿ’. ಓಡೆನ್ಸ್ ಪಟ್ಟಣದ ಬಡ ಮೋಚಿಯೊಬ್ಬನ ಮಗನಾಗಿ, ಬಟ್ಟೆ ಒಗೆದು ಜೀವಿಸಿದ ತಾಯಿಯ ಮಡಿಲಲ್ಲಿ ಬೆಳೆದ ಈತನಿಗೆ ಚಳಿಯೆಂಬುದು ಅಲಂಕಾರವಾಗಿರಲಿಲ್ಲ. ಒಳಿತನ್ನು ಕುಗ್ಗಿಸಿ ಕೆಡುಕನ್ನು ಹಿಗ್ಗಿಸಿ ತೋರುವ ಸೈತಾನನ ಕನ್ನಡಿ ಒಡೆದು, ಅದರ ಚೂರುಗಳು ಕಾಯ್ ಎಂಬ ಬಾಲಕನ ಕಣ್ಣನ್ನೂ ಹೃದಯವನ್ನೂ ಹೊಗುತ್ತವೆ. ನಿನ್ನೆಯವರೆಗೆ ಅಕ್ಕರೆಯಿಂದ ಕಂಡ ಗುಲಾಬಿ ಒಡನೆಯೇ ಅವನಿಗೆ ಹುಳು ಹಿಡಿದಂತೆ ಕಾಣುತ್ತದೆ. ತರುವಾಯ ಹಿಮರಾಣಿಯ ಜಾರುಬಂಡಿಗೆ ಸಿಕ್ಕು, ಭಯದಿಂದ ಪ್ರಾರ್ಥಿಸಲು ತೊಡಗಿದಾಗ, ಅವನ ನೆನಪಿಗೆ ಬರುವುದು ಮಗ್ಗಿ ಮಾತ್ರ! ಪಾಪವೆಂದರೇನೆಂದು ದೇವತಾಶಾಸ್ತ್ರಜ್ಞರು ಸಂಪುಟಗಟ್ಟಲೆ ಬರೆದುದನ್ನು ಆಂಡರ್ಸನ್ ಈ ಒಂದು ಮರೆವಿನಲ್ಲಿ ಅಡಗಿಸಿದ್ದಾನೆ. ಮಗ್ಗಿ ತಪ್ಪಲ್ಲ; ಆದರೆ ಅಳುವ ಮಗುವಿಗೆ ಅದು ಒದಗದು.

ಅವನನ್ನರಸಿ ಹೊರಟ ನೆರೆಮನೆಯ ಗೆಳತಿ ಗೆರ್ಡಾಗೆ ಹೆಚ್ಚಿನ ಶಕ್ತಿಯನ್ನು ಕೊಡೆಂದು ಹಿಮಸಾರಂಗ ಬೇಡಿದಾಗ, ಉತ್ತರ ದೇಶದ ಮಾಂತ್ರಿಕ ಮುದುಕಿ, ಅವಳ ನಿಷ್ಕಲ್ಮಷ ಹೃದಯದಲ್ಲಿ ಆಗಲೇ ಇರುವುದಕ್ಕಿಂತ ಮಿಗಿಲಾದುದನ್ನು ತಾನು ಕೊಡಲಾರೆನೆನ್ನುತ್ತಾಳೆ. ಪಾದರಕ್ಷೆಯೂ ಕೈಗವುಸೂ ಇಲ್ಲದೆ ಹಿಮದಲ್ಲಿ ನಿಂತ ಆ ಹುಡುಗಿ, ಕ್ರಿಸ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಹೇಳತೊಡಗುವಳು. ಕಡುಚಳಿಯಲ್ಲಿ ಬಾಯಿಂದ ಹೊಗೆಯಂತೆ ಹೊರಟ ಉಸಿರೇ ಗಟ್ಟಿಗೊಂಡು, ಶಿರಸ್ತ್ರಾಣ, ಭರ್ಜಿ, ಗುರಾಣಿಗಳನ್ನು ಧರಿಸಿದ ಪುಟ್ಟ ದೇವದೂತರಾಗಿ ಅವಳನ್ನು ಸುತ್ತುವರಿಯುವುದು. ಮುಂಜಾನೆಯ ಚಳಿಯಲ್ಲಿ ತಮ್ಮ ಉಸಿರನ್ನು ತಾವೇ ನೋಡಿ ಬೆರಗಾದ ಮಕ್ಕಳಿಗೆ ಇದಕ್ಕೆ ಭಾಷ್ಯ ಬೇಡ.

1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ, ಕಿನ್ನರಕಥೆಗಳ ಸಂಗ್ರಾಹಕ ಆಂಡ್ರೂ ಲ್ಯಾಂಗರ ಸ್ಮರಣೆಯ ಉಪನ್ಯಾಸವನ್ನು ಕೊಟ್ಟ ಆಂಗ್ಲ ಲೇಖಕ ಟೋಲ್ಕಿನ್, ಎಲ್ಲವೂ ಮುಗಿಯಿತೆನ್ನುವಾಗ ಎಣಿಕೆಗೆ ಮೀರಿ ಒದಗುವ ಶುಭದ ತಿರುವೇ ಕಿನ್ನರಕಥೆಯ ಜೀವಾಳವೆಂದು ಪ್ರತಿಪಾದಿಸಿದರು; ಅವರ ಪಾಲಿಗೆ ಕ್ರಿಸ್ತನ ಪುನರುತ್ಥಾನ ಮನುಷ್ಯಚರಿತ್ರೆಯಲ್ಲೇ ಅಂಥ ತಿರುವು. ಗೆರ್ಡಾಳ ಬಿಸಿ ಕಣ್ಣೀರು ಕಾಯ್‌ನ ಎದೆಯ ಹಿಮವನ್ನು ಕರಗಿಸುವುದೂ, ಆಗ ಅವನೇ ಅತ್ತು ಕಣ್ಣಿನ ಚೂರನ್ನು ಹೊರಹಾಕುವುದೂ ಇಂಥದೇ. ಆದರೆ ನನ್ನ ಮನಸ್ಸು ನಿಲ್ಲುವುದು ಇನ್ನೂ ಒಂದು ಹೆಜ್ಜೆ ಮುಂದೆ. ಮಂಜುಗಡ್ಡೆಯ ತುಂಡುಗಳನ್ನು ಜೋಡಿಸಿ ‘ಅನಂತತೆ’ ಎಂಬ ಪದವನ್ನು ರಚಿಸಿದರೆ ಬಿಡುಗಡೆಯನ್ನೂ, ಇಡೀ ಲೋಕವನ್ನೂ, ಜೊತೆಗೆ ಹೊಸ ಜಾರುಪಾದುಕೆಗಳನ್ನೂ ಕೊಡುವೆನೆಂದು ರಾಣಿ ಕಾಯ್‌ಗೆ ಮಾತು ಕೊಟ್ಟಿದ್ದಳು. ತನ್ನ ಬುದ್ಧಿಯನ್ನೆಲ್ಲ ವೆಚ್ಚಮಾಡಿಯೂ ಅವನಿಗೆ ಅದು ಕೂಡಿಬಂದಿರಲಿಲ್ಲ. ಮಕ್ಕಳಿಬ್ಬರ ಸಂತೋಷವನ್ನು ಕಂಡು ಆ ತುಂಡುಗಳೇ ಕುಣಿದು, ದಣಿದು, ಮಲಗಿದಾಗ, ಅವು ಮಲಗಿದ ರೀತಿಯಲ್ಲೇ ಆ ಪದ ಮೂಡಿತ್ತು. ರಾಣಿ ಅರಮನೆಯಲ್ಲಿರಲಿಲ್ಲ. ಮಕ್ಕಳು ಕೈಕೈ ಹಿಡಿದು ಹೊರಟರು. ಜಾರುಪಾದುಕೆಗಳ ಮಾತನ್ನು ಆಂಡರ್ಸನ್ ಮತ್ತೆ ಎತ್ತುವುದಿಲ್ಲ.