ಜಾತ್ರೆಯ ಕಡತ ಮಳೆಗಾಲದಲ್ಲೂ ತೆರೆಯಲಿ



ಸೂರಗೊಂಡನಕೊಪ್ಪದಲ್ಲಿ ಮಾತಿಗೆ ನಿಂತವರು ಬಂಜಾರರ ಸಂತ ಸೇವಾಲಾಲರ ಮಹಿಮೆ ಹೇಳುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಹಾಡಬಲ್ಲ ಭಜನೆಯವರು ಇಲ್ಲೇ ಕೂತಿದ್ದಾರೆ. ನಾನು ಕಚೇರಿಯ ಒಂದು ಕಡತದ ಬಗ್ಗೆ ಹೇಳುತ್ತೇನೆ.

ಫೆಬ್ರುವರಿ ನಡುವೆ ಜಯಂತಿ ಬಂತೆಂದರೆ ಮಾಲೆ ಧರಿಸಿದವರು ಹೊರರಾಜ್ಯಗಳಿಂದಲೂ ಭಾಯಾಗಡವೆನ್ನುವ ಈ ಊರಿಗೆ ಬರುತ್ತಾರೆ. ಎಷ್ಟೋ ಮಂದಿ ನಡೆದೇ ಬರುತ್ತಾರೆ. ಸಣ್ಣ ಊರು ಲಕ್ಷಾಂತರ ಜನರನ್ನು ಹೊರಬೇಕು. ಟ್ಯಾಂಕರ್ ಎಲ್ಲಿ ನಿಲ್ಲಬೇಕು, ಆಂಬುಲೆನ್ಸ್‌ಗೆ ಯಾವ ದಾರಿ ಬಿಡಬೇಕು, ನೈವೇದ್ಯದ ಭೋಗ್‌ನ ಬೆಂಕಿಯಿಂದ ಶಾಮಿಯಾನ ಎಷ್ಟು ದೂರ ಇರಬೇಕು, ಕರೆಂಟು ಹೋದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಆಗ ತೀರ್ಮಾನವಾಗಿ ಆ ಕಡತ ಸೇರಲೇಬೇಕು. ವಿಪತ್ತು ನಿರ್ವಹಣೆ ಎಂಬ ದೊಡ್ಡ ಹೆಸರಿನ ಕೆಲಸ ಇದೇ. ಜಾತ್ರೆ ಮುಗಿದ ಮೇಲೆ ಕಡತಕ್ಕೆ ದಾರ ಕಟ್ಟಿ ಅಟ್ಟಕ್ಕೇರಿಸಿದರೆ ಜುಲೈನಲ್ಲಿ ಮಳೆ ಹಿಡಿದಾಗ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಹಾಗಾಗಬಾರದು ಎಂಬುದೇ ನನ್ನ ವಾದ.

ಜಾತ್ರೆಯ ಅಪಾಯವನ್ನೇ ಮೊದಲು ನೋಡೋಣ. 2005ರ ಜನವರಿ 25ರಂದು ಮಹಾರಾಷ್ಟ್ರದ ಮಾಂಢರದೇವಿ ಜಾತ್ರೆಯಲ್ಲಿ ಸುಮಾರು ಮುನ್ನೂರು ಜನ ಸತ್ತರು. ಒಡೆದ ತೆಂಗಿನಕಾಯಿಯ ನೀರಿಗೆ ಮೆಟ್ಟಿಲು ಜಾರಿತು. ಬಿದ್ದವರ ಮೇಲೆ ಹಿಂದಿನವರು ಬಿದ್ದರು. ಆಮೇಲೆ ಅಂಗಡಿಗಳಿಗೆ ಬೆಂಕಿ ಹತ್ತಿತು. ನಮ್ಮ ಬೆಂಗಳೂರಿನಲ್ಲೇ 2025ರ ಜೂನ್ 4ರಂದು ಕ್ರಿಕೆಟ್ ಸಂಭ್ರಮದ ನೂಕುನುಗ್ಗಲಿಗೆ 11 ಮಂದಿ ಬಲಿಯಾದರು. ಜನರಿಗೆ ಶಿಸ್ತಿಲ್ಲ ಎಂದು ಬೈಯುವುದು ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಐದಾರು ಜನ ಒತ್ತೊತ್ತಾಗಿ ನಿಂತ ಮೇಲೆ ಯಾರ ಕಾಲೂ ಯಾರ ಮಾತೂ ಕೇಳುವುದಿಲ್ಲ. ಹೋಗುವ ದಾರಿ, ಬರುವ ದಾರಿ ಬೇರೆಬೇರೆ ಮಾಡಿ, ತಿರುವಿನಲ್ಲಿ ಬಳೆ ಅಂಗಡಿ, ಮಿಠಾಯಿ ಅಂಗಡಿ ಹಾಕಲು ಬಿಡದಿದ್ದರೆ ಅರ್ಧ ಅಪಾಯ ಕಳೆಯಿತು. ನೆಲಬಾಡಿಗೆಯ ಆಸೆಗೆ ದಾರಿ ಕಿರಿದು ಮಾಡುವುದು ಅಪರಾಧವೆಂದೇ ನನ್ನ ಅಭಿಪ್ರಾಯ.

ಇನ್ನು ಮಳೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಜೋರು ಮಳೆಯಾದರೆ ಗಾಜನೂರಿನ ತುಂಗಾ ಅಣೆಕಟ್ಟು ಅದನ್ನು ಬಹಳ ಹೊತ್ತು ಹಿಡಿದಿಡಲಾರದು. ಅದರ ಸಾಮರ್ಥ್ಯ ಬರೀ 3.24 ಟಿಎಂಸಿ. ಲಕ್ಕವಳ್ಳಿಯ ಭದ್ರಾ 71.5 ಟಿಎಂಸಿ ಹಿಡಿಯುತ್ತದೆ, ಅದೂ ತುಂಬಿದ ಮೇಲೆ ಗೇಟು ಎತ್ತಲೇಬೇಕು. ಎರಡೂ ನೀರು ಕೂಡಲಿಯಲ್ಲಿ ಸೇರಿ ಬಂದಾಗ ಹೊನ್ನಾಳಿಯ ಬಾಲರಾಜ ಘಾಟ್‌ನವರು ಗಂಟುಮೂಟೆ ಕಟ್ಟಿ ಕಾಳಜಿ ಕೇಂದ್ರಕ್ಕೆ ಹೋಗಬೇಕು. ಹೊಳೆಯ ನೀರು ಹೇಳಿ ಬರುತ್ತದೆ. ಹೇಳದೆ ಬೀಳುವುದು ಗೋಡೆ. ನಾಲ್ಕು ದಿನ ಜಡಿಮಳೆ ಹಿಡಿದಾಗ ಮಣ್ಣಿನ ಗೋಡೆಯ ಬುಡ ಮುಟ್ಟಿ ನೋಡಿ: ಬೆರಳು ಒಳಗಿಳಿದರೆ, ಮೂಲೆಯಲ್ಲಿ ಸೀಳು ಬಿಟ್ಟಿದ್ದರೆ, ಗೋಡೆ ಹೊಟ್ಟೆ ಉಬ್ಬಿದ್ದರೆ ಅವತ್ತು ರಾತ್ರಿ ಆ ಗೋಡೆಯ ಪಕ್ಕ ಮಗುವನ್ನು ಮಲಗಿಸಬಾರದು. ಶಾಲೆಯ ಕೊಠಡಿಯ ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ತಾಂಡಾಕ್ಕೆಲ್ಲ ಗೊತ್ತಿರಬೇಕು.

ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ದುಡಿಯುವವರು ಕಬ್ಬು ಕಡಿಯಲು, ಕಾಫಿ ಸೀಮೆಗೆ ಗುಳೆ ಹೋದ ತಾಂಡಾದಲ್ಲಿ ಮುದುಕರು, ಮಕ್ಕಳು ಮಾತ್ರ ಉಳಿಯುತ್ತಾರೆ. ಜನಗಣತಿಯ ಪುಸ್ತಕ ಅದನ್ನು ಹೇಳುವುದಿಲ್ಲ. ನೀರುಗಂಟಿ ಹೇಳುತ್ತಾನೆ, ಆಶಾ ಕಾರ್ಯಕರ್ತೆ ಹೇಳುತ್ತಾಳೆ. ಯಾವ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ಯಾವ ಸೊಸೆಗೆ ದಿನ ತುಂಬಿದೆ ಎಂಬುದು ಅವರಿಗೆ ಬಾಯಿಪಾಠ. ಅದನ್ನು ಒಂದು ವಹಿಯಲ್ಲಿ ಬರೆದು ಮೂರು ತಿಂಗಳಿಗೊಮ್ಮೆ ತಿದ್ದಿದರೆ ಸಾಕು. ನಾಯಕ, ಡಾವ್, ಕಾರಭಾರಿ ಎಂಬ ವ್ಯವಸ್ಥೆ ತಾಂಡಾದಲ್ಲಿ ಮೊದಲಿನಿಂದಲೂ ಇದೆ. ಹೊಸ ಸಮಿತಿ ಹುಟ್ಟಿಸುವ ಬದಲು ಅವರನ್ನೇ, ಜೊತೆಗೆ ತಪ್ಪದೆ ಹೆಂಗಸರನ್ನು, ಈ ಕೆಲಸಕ್ಕೆ ಕೂರಿಸಬೇಕು. ನಾಯಕರ ಸಭೆಯಲ್ಲಿ ಹೆಂಗಸರ ದನಿ ಕಡಿಮೆ ಎಂಬುದನ್ನು ಇಲ್ಲಿರುವ ತಾಯಂದಿರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ದಾಖಲೆಯ ಮಾತೂ ಇದಕ್ಕೆ ಸೇರಿದ್ದೇ. ಎಷ್ಟೋ ತಾಂಡಾಗಳು ಬಹುಕಾಲ ಕಂದಾಯ ಗ್ರಾಮವೇ ಆಗಿರಲಿಲ್ಲ. ಮನೆ ಬಿದ್ದವನು ಪರಿಹಾರ ಕೇಳಲು ಹೋದರೆ ಮೊದಲು ಮನೆ ಇತ್ತೆಂದು ತೋರಿಸಬೇಕು. ಹಕ್ಕುಪತ್ರ ಬಂದವರು ಅದನ್ನು ಟ್ರಂಕಿನ ತಳದಲ್ಲಿಡದೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೈಗೆಟಕುವಲ್ಲಿಡಿ.

ಆಡಳಿತದ ಗಡಿಯೂ ಒಂದು ತೊಡಕು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಕಚೇರಿ ದಾವಣಗೆರೆಗೆ ಹೋಯಿತು. ನಮ್ಮ ನ್ಯಾಮತಿ ಕಡೆಯವರಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಮಾತ್ರ ಶಿವಮೊಗ್ಗದ ಮೆಗ್ಗಾನ್ ಆಗಿಯೇ ಉಳಿಯಿತು. ಆದ್ದರಿಂದ ಇಲ್ಲಿನ ತುರ್ತು ಯೋಜನೆಯಲ್ಲಿ ಎರಡೂ ಜಿಲ್ಲೆಯ ನಂಬರ್‌ಗಳಿರಬೇಕು. ಒಂದೇ ಜಿಲ್ಲೆಯಾದರೂ ಜಗಳೂರಿನ ಪಂಚಾಯ್ತಿಗೆ ಈ ಯೋಜನೆ ಹೊಂದುವುದಿಲ್ಲ. ಅಲ್ಲಿನ ವಿಪತ್ತು ಬರ, ಅದಕ್ಕೆ ಬೇಕಾದದ್ದು ಮೇವು, ನೀರಿನ ಲೆಕ್ಕ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಕಲಂ ಸ್ಥಳೀಯ ಸಂಸ್ಥೆಗಳಿಗೆ ಸಿಬ್ಬಂದಿಯ ತರಬೇತಿ, ಸಲಕರಣೆಗಳ ಸಿದ್ಧತೆ, ಪರಿಹಾರ ಕಾರ್ಯದ ಹೊಣೆ ಹೊರಿಸಿದೆ. ಇದು ಯಾರ ದಯೆಯೂ ಅಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮಳೆಮಾಪಕ ಕೂರಿಸಿದೆ. ಸಿಡಿಲಿನ ಮುನ್ಸೂಚನೆ ಮೊಬೈಲಿಗೇ ಬರುತ್ತದೆ. ಆದರೆ ಮಳೆಮಾಪಕ ಎಲ್ಲಿದೆ ಎಂದು ಕೇಳಿದರೆ ಈ ಸಭೆಯಲ್ಲಿ ಎಷ್ಟು ಕೈ ಎದ್ದಾವು?

ಮುಂದಿನ ಗ್ರಾಮಸಭೆಗೆ ದಯವಿಟ್ಟು ಬನ್ನಿ. ಜಾತ್ರೆಯ ಕಡತವನ್ನು ಮೇಜಿನ ಮೇಲಿಡಿಸಿ. ಕಾಳಜಿ ಕೇಂದ್ರ ಯಾವುದು, ಬೀಗ ಯಾರ ಹತ್ತಿರ, ಜೆಸಿಬಿ, ಟ್ರ್ಯಾಕ್ಟರ್ ಯಾರ್‍ಯಾರವು, ನಡೆಯಲಾಗದವರನ್ನು ಹೊತ್ತು ತರುವವರು ಯಾರು ಎಂದು ಹೆಸರು ಹಿಡಿದು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಓದಿ ಕೇಳಿ, ಆಮೇಲೆ ರುಜು ಹಾಕಿ.